ನೆರವು ಮತ್ತು ಹಂಗು

ಮನುಷ್ಯನು ಒಬ್ಬಂಟಿಯಾಗಿ ಬಾಳಲಾರ. ಅವನು ಉಣ್ಣುವ ಅನ್ನವನ್ನು ಬೆಳೆದವನು ಒಬ್ಬ, ಉಡುವ ಬಟ್ಟೆಯನ್ನು ನೆಯ್ದವನು ಮತ್ತೊಬ್ಬ, ವಾಸಿಸುವ ಮನೆಯನ್ನು ಕಟ್ಟಿದವನು ಮಗುದೊಬ್ಬ. ಹೀಗೆ ಹುಟ್ಟಿನಿಂದ ಸಾವಿನವರೆಗೆ ಪ್ರತಿಯೊಬ್ಬನೂ ಅನೇಕರ ನೆರವಿನಿಂದಲೇ ಬದುಕುತ್ತಾನೆ. ಆದರೂ ಊಟಕ್ಕೆ ಕುಳಿತವನು ತಾನು ರೈತನ ಹಂಗಿನಲ್ಲಿದ್ದೇನೆಂದು ಕುಗ್ಗುವುದಿಲ್ಲ. ಬಸ್ಸನ್ನೇರಿದವನು ಚಾಲಕನ ಕೃಪೆಯಿಂದ ಊರು ಸೇರಿದೆನೆಂದು ಕೈಮುಗಿದು ನಿಲ್ಲುವುದಿಲ್ಲ. ನೆರವು ಪಡೆದರೂ ಅವನ ತಲೆ ಎತ್ತಿಯೇ ಇರುತ್ತದೆ. ಒಂದು ಅಂಗಡಿಯ ಅಕ್ಕಿ ಚೆನ್ನಾಗಿಲ್ಲದಿದ್ದರೆ ಇನ್ನೊಂದು ಅಂಗಡಿಗೆ ಹೋಗುವ, ಬೇಡವೆನಿಸಿದುದನ್ನು ಬೇಡವೆನ್ನುವ ಸ್ವಾತಂತ್ರ್ಯ ಅವನಿಗಿರುವುದೇ ಅದಕ್ಕೆ ಕಾರಣ.

ಈ ಸ್ವಾತಂತ್ರ್ಯವಿಲ್ಲದೆಡೆಯಲ್ಲಿ ಅದೇ ನೆರವು ಹಂಗಾಗಿ ಪರಿಣಮಿಸುತ್ತದೆ. ಕೊಡುವವನು ಎಷ್ಟೇ ಒಳ್ಳೆಯವನಾಗಿರಲಿ, ಪಡೆಯುವವನಿಗೆ ಬೇಡವೆನ್ನುವ ಧೈರ್ಯವಿಲ್ಲದಿದ್ದರೆ ಅವನು ಹಂಗಿನಲ್ಲಿಯೇ ಇದ್ದಾನೆಂದು ತಿಳಿಯಬೇಕು. ಅಂಗವಿಕಲರ ಆರೈಕೆಯ ವಿಷಯದಲ್ಲಿ ಈ ಅಂತರವನ್ನು ಮನಗಾಣುವುದು ಅತ್ಯಂತ ಅವಶ್ಯಕ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಅವರಲ್ಲಿ ಬಹುಮಂದಿ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರು. ಆದರೆ ಹಾಸಿಗೆಯಿಂದೇಳಲು, ಸ್ನಾನ ಮಾಡಲು, ಉಣ್ಣಲು, ಶೌಚಕ್ಕೆ ಹೋಗಲು ಮತ್ತೊಬ್ಬರ ಕೈಯನ್ನೇ ನಂಬಬೇಕಾದವರೂ ಇದ್ದಾರೆ. ಹೀಗೆ ಕೈ ನೀಡುವವರನ್ನು ಪರಿಚಾರಕರೆನ್ನುತ್ತಾರೆ. ಅವರು ಮಾಡುವ ಕೆಲಸಕ್ಕೆ ಸೇವೆಯೆಂಬ ದೊಡ್ಡ ಹೆಸರಿದೆ. ಸೇವಕನೆಂದರೆ ಇನ್ನೊಬ್ಬನ ಮಾತನ್ನು ನಡೆಸಿಕೊಡುವವನು. ಆದರೆ ಅನೇಕ ಕಡೆಗಳಲ್ಲಿ ಈ ಸಂಬಂಧವು ತಲೆಕೆಳಗಾಗಿರುತ್ತದೆ. ಸೇವೆ ಮಾಡುವವರು ಅಪ್ಪಣೆ ಕೊಡುತ್ತಾರೆ. ಸೇವೆಯನ್ನು ಪಡೆಯುವವರು ಅದನ್ನು ಪಾಲಿಸುತ್ತಾರೆ.

ಇದು ಹೇಗೆ ಸಂಭವಿಸುತ್ತದೆ? ಅಧಿಕಾರವೆಂದರೆ ಸಿಂಹಾಸನ, ಸೈನ್ಯ, ಕಾನೂನುಗಳೇ ಆಗಬೇಕಿಲ್ಲ. ಗಾಲಿಕುರ್ಚಿಯನ್ನು ಮಂಚದಿಂದ ನಾಲ್ಕು ಮಾರು ದೂರದಲ್ಲಿರಿಸಿದರೆ ನಡೆಯಲಾರದವನು ಆ ದಿನವೆಲ್ಲ ಸೆರೆಯಾಳು. ನೀರಿನ ಲೋಟವನ್ನು ಕೈಗೆಟುಕದಂತೆ ಇಟ್ಟರೆ ಬಾಯಾರಿಕೆಯು ಇನ್ನೊಬ್ಬರ ಇಷ್ಟವನ್ನು ಕಾಯಬೇಕು. ಕರೆಗಂಟೆಯ ಸದ್ದು ಕೇಳಿಯೂ ಕೇಳದಂತಿದ್ದರೆ ಶೌಚದ ಅವಸರವುಳ್ಳವನು ಅವಮಾನಕ್ಕೀಡಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಡೆತ ಬೇಕಿಲ್ಲ, ಬೈಗುಳ ಬೇಕಿಲ್ಲ. ಸ್ವಲ್ಪ ತಡ ಮಾಡಿದರೆ ಸಾಕು. ತಡ ಮಾಡುವ ಶಕ್ತಿಯೇ ಬಹು ದೊಡ್ಡ ಶಕ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಂತಹ ಕಡೆಗಳಲ್ಲಿ ಅಕ್ಷರಶಃ ನಿಜವಾಗುತ್ತದೆ. ಸರಕಾರವು ಹಣ ಕೊಟ್ಟಿರಬಹುದು, ಆಡಳಿತ ಮಂಡಲಿಯು ಉದಾರವಾದ ನಿಯಮಗಳನ್ನು ಬರೆದಿರಬಹುದು. ರಾತ್ರಿ ಹತ್ತು ಗಂಟೆಗೆ ಮಗ್ಗುಲು ಬದಲಿಸಬೇಕಾದ ಕೈ ಬಾರದಿದ್ದರೆ ಅವೆಲ್ಲ ಕಾಗದದಲ್ಲಿಯೇ ಉಳಿಯುತ್ತವೆ.

ಈ ಅಧಿಕಾರಕ್ಕೆ ಇನ್ನೊಂದು ಮುಖವೂ ಉಂಟು. ಪರಿಚಾರಕನಿಗೆ ತನ್ನ ಆರೈಕೆಯಲ್ಲಿರುವವನ ರೋಗವೇನು, ಮನೆಯ ಸ್ಥಿತಿಯೇನು, ಅವನು ಅತ್ತದ್ದು ಯಾವಾಗ, ಸಿಟ್ಟಾದದ್ದು ಯಾವಾಗ ಎಂಬುದೆಲ್ಲ ಗೊತ್ತು. ಅವನ್ನೆಲ್ಲ ಕಡತದಲ್ಲಿ ಬರೆದಿಡುವವನೂ ಅವನೇ. ಪರಿಚಾರಕನ ಸಿಟ್ಟನ್ನು ಬರೆದಿಡುವ ಕಡತ ಎಲ್ಲಿಯೂ ಇಲ್ಲ. ಬೇಡವೆಂದು ಮುಖ ತಿರುಗಿಸಿದವನನ್ನು ಹಟಮಾರಿಯೆಂದು ಒಮ್ಮೆ ಬರೆದರೆ ಮುಂದೆ ಅವನ ಪ್ರತಿಯೊಂದು ಮಾತೂ ಹಟವಾಗಿಯೇ ಕಾಣಿಸುತ್ತದೆ. ದೂರು ಕೊಡಬಾರದೆ ಎಂದು ಹೊರಗಿನವರು ಕೇಳಬಹುದು. ಹಗಲು ಯಾರ ಮೇಲೆ ದೂರು ಕೊಟ್ಟನೋ ರಾತ್ರಿ ಅವರ ಕೈಯಿಂದಲೇ ತುತ್ತು ತಿನ್ನಬೇಕಾದವನು ದೂರು ಕೊಡುವ ಮುನ್ನ ನೂರು ಬಾರಿ ಯೋಚಿಸುತ್ತಾನೆ. ಆದುದರಿಂದ ದೂರುಗಳೇ ಇಲ್ಲದ ಆಶ್ರಯಧಾಮವನ್ನು ಕಂಡಾಗ ಅಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ತೀರ್ಮಾನಿಸುವುದು ಅವಸರದ ಮಾತಾದೀತು.

ಕೆಟ್ಟ ಮನಸ್ಸಿನವರಿಂದ ಮಾತ್ರ ಇಂತಹ ಸ್ಥಿತಿ ಒದಗುತ್ತದೆಯೆಂಬ ಅಭಿಪ್ರಾಯವೂ ಸರಿಯಲ್ಲ. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದಲ್ಲಿದ್ದ ಲೆ ಕೋರ್ಟ್ ಎಂಬ ಆಶ್ರಯಧಾಮದ ಕಥೆ ಇದಕ್ಕೆ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ವಿಮಾನಪಡೆಯ ಅಧಿಕಾರಿಯಾಗಿದ್ದ ಲೆನಾರ್ಡ್ ಚೆಶೈರ್ 1948ರಲ್ಲಿ ಸಾವಿನ ಅಂಚಿನಲ್ಲಿದ್ದ ಒಬ್ಬ ರೋಗಿಯನ್ನು ತನ್ನ ಮನೆಗೆ ಕರೆತಂದು ಸ್ವತಃ ಶುಶ್ರೂಷೆ ಮಾಡಿದನು. ಆ ಮನೆಯೇ ಲೆ ಕೋರ್ಟ್. ಆ ಒಂದು ಮನೆಯಿಂದ ಬೆಳೆದ ಸಂಸ್ಥೆಯು ಮುಂದೆ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಆಶ್ರಯಧಾಮಗಳನ್ನು ತೆರೆಯಿತು. ಕರುಣೆಯಿಂದಲೇ ಹುಟ್ಟಿದ ಮನೆ ಅದು ಎಂಬುದರಲ್ಲಿ ಸಂದೇಹವಿಲ್ಲ.

ಪಾಲ್ ಹಂಟ್ ಎಂಬ ತರುಣನು 1956ರಲ್ಲಿ ಲೆ ಕೋರ್ಟನ್ನು ಸೇರಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಸ್ನಾಯುಗಳು ಕ್ರಮೇಣ ಬಲಗುಂದುವ ರೋಗದಿಂದ ಅವನು ಗಾಲಿಕುರ್ಚಿಯಲ್ಲಿಯೇ ಓಡಾಡಬೇಕಾಗಿತ್ತು. ಬುದ್ಧಿ ಚುರುಕಾಗಿತ್ತು, ಓದು ವಿಶಾಲವಾಗಿತ್ತು. ಲೆ ಕೋರ್ಟಿನಲ್ಲಿ ಅವನೂ ಅವನ ಸಂಗಡಿಗರೂ ಹಲವು ವರ್ಷ ಹೋರಾಡಬೇಕಾಯಿತು. ಯಾವುದಕ್ಕಾಗಿ? ರಾಜ್ಯಕ್ಕಾಗಿಯೂ ಅಲ್ಲ, ಆಸ್ತಿಗಾಗಿಯೂ ಅಲ್ಲ. ರಾತ್ರಿ ಮಲಗುವ ವೇಳೆಯನ್ನು ತಾವೇ ನಿರ್ಧರಿಸಲು, ಇತರ ವಯಸ್ಕರಂತೆ ತಮಗೆ ಬೇಕಾದುದನ್ನು ಕುಡಿಯಲು, ಸ್ತ್ರೀ ಪುರುಷರು ಪರಸ್ಪರ ಸ್ನೇಹದಿಂದಿರಲು, ಯಾರ ಅಪ್ಪಣೆಯನ್ನೂ ಬೇಡದೆ ಮನೆಯಿಂದ ಹೊರಗೆ ಹೋಗಿಬರಲು! ಇಂದಿನ ಓದುಗರಿಗೆ ಇದು ಕ್ಷುಲ್ಲಕವೆನಿಸಬಹುದು. ಆದರೆ ಮೂವತ್ತು ವರ್ಷದ ಗಂಡಸನ್ನು, ಪರಿಚಾರಕರ ಪಾಳಿ ಮುಗಿಯುತ್ತದೆಯೆಂಬ ಒಂದೇ ಕಾರಣಕ್ಕೆ, ಇನ್ನೂ ಹೊತ್ತಿರುವಾಗಲೇ ಎಳೆಯ ಮಗುವಿನಂತೆ ಮಲಗಿಸಿ ದೀಪ ಆರಿಸಿದರೆ ಅವನಿಗೆ ಹೇಗಾಗುತ್ತದೆಂಬುದನ್ನು ಊಹಿಸಿಕೊಂಡರೆ ಸಾಕು; ಕ್ಷುಲ್ಲಕವೆಂಬ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ.

ತಮ್ಮ ಸ್ಥಿತಿಯನ್ನು ಪರಿಶೀಲಿಸಬೇಕೆಂದು ಅಲ್ಲಿನ ನಿವಾಸಿಗಳೇ ವಿದ್ವಾಂಸರನ್ನು ಕೋರಿದರು. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಇಬ್ಬರು ಸಂಶೋಧಕರು ಬಂದು ನೋಡಿದರು. ಅವರ ಗ್ರಂಥ 1972ರಲ್ಲಿ ಪ್ರಕಟವಾಯಿತು. ಇಂತಹ ಧಾಮಗಳನ್ನು ಸೇರುವುದೆಂದರೆ ಸಮಾಜದ ದೃಷ್ಟಿಯಲ್ಲಿ ಸತ್ತಂತೆಯೇ ಎಂಬ ಕಠೋರ ಸತ್ಯವನ್ನು ಅವರು ಗುರುತಿಸಿದರು. ಆದರೆ ಅದಕ್ಕೆ ಅವರು ಸೂಚಿಸಿದ ಪರಿಹಾರವು ಧಾಮಗಳ ಆಡಳಿತವನ್ನು ಇನ್ನಷ್ಟು ಸುಧಾರಿಸುವುದಾಗಿತ್ತು. ಸೆರೆಮನೆಗೆ ಸುಣ್ಣ ಬಳಿದಂತಾಯಿತೆಂದು ನಿವಾಸಿಗಳು ನೊಂದರು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ, ಆ ವೇಳೆಗೆ ಮದುವೆಯಾಗಿ ಧಾಮದಿಂದ ಹೊರಬಂದಿದ್ದ ಪಾಲ್ ಹಂಟ್ ಗಾರ್ಡಿಯನ್ ಪತ್ರಿಕೆಗೆ ಒಂದು ಪತ್ರ ಬರೆದನು. ತಮ್ಮ ಅಭಿಪ್ರಾಯಕ್ಕೆ ಬೆಲೆಯಿಲ್ಲದ ಸ್ಥಳಗಳಲ್ಲಿ ಅಂಗವಿಕಲರು ಪ್ರತ್ಯೇಕವಾಗಿ ಬದುಕಬೇಕಾಗಿದೆಯೆಂದೂ, ಅವರೆಲ್ಲ ಒಂದುಗೂಡಿ ತಮ್ಮದೇ ಸಂಘವನ್ನು ಕಟ್ಟಬೇಕೆಂದೂ ಅವನು ಕರೆಯಿತ್ತನು. ಆ ಸಂಘವು ಹುಟ್ಟಿತು. ದೇಹದ ಊನಕ್ಕಿಂತಲೂ ಸಮಾಜವು ಒಡ್ಡುವ ತಡೆಗಳೇ ಮನುಷ್ಯನನ್ನು ಹೆಚ್ಚು ಅಸಹಾಯಕನನ್ನಾಗಿಸುತ್ತವೆಂಬ ವಿಚಾರವನ್ನು ಅದು 1976ರಲ್ಲಿ ಸ್ಪಷ್ಟವಾಗಿ ಮಂಡಿಸಿತು. ಪಾಲ್ ಹಂಟ್ 1979ರಲ್ಲಿ ತೀರಿಕೊಂಡನು. ಅವನು ಎತ್ತಿದ ಪ್ರಶ್ನೆ ಮಾತ್ರ ಉಳಿಯಿತು.

ಕರುಣೆಯಿದ್ದ ಮನೆಯಲ್ಲಿಯೇ ಹೀಗಾದರೆ, ಕೇಳುವವರೇ ಇಲ್ಲದೆಡೆಯಲ್ಲಿ ಏನಾದೀತು? ನ್ಯೂಯಾರ್ಕ್ ನಗರದ ಸ್ಟೇಟನ್ ದ್ವೀಪದಲ್ಲಿದ್ದ ವಿಲ್ಲೋಬ್ರೂಕ್ ಎಂಬ ಸರಕಾರಿ ಧಾಮವನ್ನು ನಾಲ್ಕು ಸಾವಿರ ಜನರಿಗಾಗಿ ಕಟ್ಟಲಾಗಿತ್ತು. 1965ರ ವೇಳೆಗೆ ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ತುಂಬಲಾಗಿತ್ತು. ಅವರಲ್ಲಿ ಬಹಳಷ್ಟು ಮಕ್ಕಳು. ಒಬ್ಬೊಬ್ಬ ಪರಿಚಾರಕರಿಗೆ ಹಲವು ಹತ್ತು ಮಕ್ಕಳ ಹೊಣೆ. 1972ರಲ್ಲಿ ದೂರದರ್ಶನದ ವರದಿಗಾರನೊಬ್ಬನು ಕ್ಯಾಮರಾ ಹಿಡಿದು ಒಳಹೊಕ್ಕಾಗ ಬಟ್ಟೆಯಿಲ್ಲದ, ಕೊಳಕಿನಲ್ಲಿ ಬಿದ್ದಿದ್ದ ಮಕ್ಕಳನ್ನು ಅಮೆರಿಕದ ಜನ ಮೊದಲ ಬಾರಿಗೆ ಕಂಡರು. ಬರ್ನಾರ್ಡ್ ಕ್ಯಾರಬೆಲ್ಲೊ ಎಂಬ ಯುವಕನು ಆ ವರದಿಯಲ್ಲಿ ಮಾತನಾಡಿದನು. ಮೆದುಳಿನ ಪಾರ್ಶ್ವವಾಯುವಿನಿಂದ ಅವನ ಮಾತು ತೊದಲುತ್ತಿತ್ತು, ಕೈಕಾಲುಗಳು ಸ್ವಾಧೀನದಲ್ಲಿರಲಿಲ್ಲ. ಮೂರನೆಯ ವಯಸ್ಸಿನಲ್ಲಿ ಅವನನ್ನು ಬುದ್ಧಿಮಾಂದ್ಯನೆಂದು ತಪ್ಪಾಗಿ ಬರೆದುಕೊಳ್ಳಲಾಗಿತ್ತು. ಕಡತದಲ್ಲಿನ ಆ ಒಂದು ಪದಕ್ಕಾಗಿ ಅವನು ಹದಿನೆಂಟು ವರ್ಷಗಳನ್ನು ಅಲ್ಲಿ ಕಳೆದನು. ಹೊರಬಂದ ಮೇಲೆ ತನ್ನಂತಹವರ ಪರವಾಗಿ ದುಡಿದನು. ತಂದೆತಾಯಿಗಳು ಹೂಡಿದ ಮೊಕದ್ದಮೆಯ ಫಲವಾಗಿ 1975ರಲ್ಲಿ ನ್ಯಾಯಾಲಯದ ಸಮ್ಮುಖದಲ್ಲಿ ಸುಧಾರಣೆಯ ಒಪ್ಪಂದವಾಯಿತು. 1987ರಲ್ಲಿ ವಿಲ್ಲೋಬ್ರೂಕನ್ನು ಮುಚ್ಚಲಾಯಿತು.

ಹಳೆಯ ಕಾಲ ಕಳೆಯಿತು, ಇನ್ನು ಅಂತಹದು ನಡೆಯದೆಂದು ನೆಮ್ಮದಿಯಿಂದಿರುವಂತಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬಳಿ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಿತ್ತು. ಇಪ್ಪತ್ತನಾಲ್ಕು ಹಾಸಿಗೆಗಳ ಚಿಕ್ಕ ಆಸ್ಪತ್ರೆ. ಕಲಿಕೆಯ ಊನವುಳ್ಳವರ ಆರೈಕೆಗಾಗಿ ಸರಕಾರದ ಹಣದಿಂದ ಹೇರಳವಾದ ಶುಲ್ಕ ಸಂದಾಯವಾಗುತ್ತಿತ್ತು. ಅಲ್ಲಿ ರೋಗಿಗಳನ್ನು ಹೊಡೆಯುವ, ನೆಲಕ್ಕೆ ಒತ್ತಿಹಿಡಿಯುವ, ಹೀಯಾಳಿಸುವ ದೃಶ್ಯಗಳನ್ನು ಗುಪ್ತವಾಗಿ ಚಿತ್ರೀಕರಿಸಿ ಬಿಬಿಸಿಯು 2011ರ ಮೇ ತಿಂಗಳಲ್ಲಿ ಪ್ರಸಾರ ಮಾಡಿತು. ಅದಕ್ಕೆ ಮುನ್ನ ಅಲ್ಲಿಯ ದಾದಿಯೊಬ್ಬನು ಮೇಲಧಿಕಾರಿಗಳಿಗೂ ತಪಾಸಣೆಯ ಸಂಸ್ಥೆಗೂ ತಿಳಿಸಿದ್ದರೂ ಪ್ರಯೋಜನವಾಗಿರಲಿಲ್ಲ. ಆಸ್ಪತ್ರೆಯನ್ನು ಆ ವರ್ಷವೇ ಮುಚ್ಚಲಾಯಿತು. 2012ರಲ್ಲಿ ಹನ್ನೊಂದು ಮಂದಿ ಸಿಬ್ಬಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಆರು ಮಂದಿ ಸೆರೆಮನೆಗೆ ಹೋದರು. ಬೇಲಿಯೇ ಎದ್ದು ಹೊಲವನ್ನು ಮೇಯ್ದಾಗ ಹೊಲವು ಯಾರಿಗೆ ಹೇಳಬೇಕು? ಹೇಳಿದರೂ ನಂಬುವವರು ಯಾರು? ಹಣ, ಕಟ್ಟಡ, ತಪಾಸಣೆ ಇವೆಲ್ಲ ಇದ್ದರೂ, ಆರೈಕೆ ಪಡೆಯುವವರ ಮಾತಿಗೆ ಬೆಲೆಯಿಲ್ಲದಿದ್ದರೆ ಎಲ್ಲವೂ ವ್ಯರ್ಥವೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಇಷ್ಟನ್ನು ಕೇಳಿ ಪರಿಚಾರಕರೆಲ್ಲರನ್ನೂ ದೂಷಿಸುವುದು ಅನ್ಯಾಯವಾಗುತ್ತದೆ. ಅವರಲ್ಲಿ ಬಹುಪಾಲು ಜನ ಕಡಮೆ ಸಂಬಳಕ್ಕೆ ದುಡಿಯುವವರು. ಹೆಚ್ಚಿನವರು ಬಡಕುಟುಂಬದ ಹೆಂಗಸರು. ಇತರರು ಮೂಗು ಮುಚ್ಚಿಕೊಳ್ಳುವ ಕೆಲಸವನ್ನು ಅವರು ದಿನವೂ ಮಾಡುತ್ತಾರೆ. ಭಾರವಾದ ದೇಹವನ್ನು ಎತ್ತಿ ಇಳಿಸಿ ಸೊಂಟ ನೋಯಿಸಿಕೊಂಡವರು ಎಷ್ಟೋ ಮಂದಿ. ಅವರ ಮಾತನ್ನು ಮೇಲಿನವರು ಕೇಳುವುದಿಲ್ಲ. ಹತ್ತು ಜನರ ಕೆಲಸವನ್ನು ಇಬ್ಬರ ತಲೆಗೆ ಕಟ್ಟಿದಾಗ ಎಂತಹ ಸಹನಶೀಲರೂ ಆತುರಗಾರರಾಗುತ್ತಾರೆ. ಮೇಲಿನಿಂದ ತುಳಿಸಿಕೊಂಡವನು ತನ್ನ ಕೆಳಗಿರುವವನನ್ನು ತುಳಿಯುವುದು ಲೋಕದಲ್ಲಿ ಅಪರೂಪವೇನಲ್ಲ. ಆದುದರಿಂದ ಪರಿಚಾರಕರಿಗೆ ನ್ಯಾಯವಾದ ಸಂಬಳ, ತರಬೇತಿ, ವಿಶ್ರಾಂತಿ ಇವುಗಳನ್ನು ಒದಗಿಸುವುದು ಅಂಗವಿಕಲರ ಹಿತಕ್ಕೂ ಅವಶ್ಯಕವಾದುದು. ಆದರೆ ಸಂಬಳ ಹೆಚ್ಚಿಸಿದ ಮಾತ್ರಕ್ಕೆ ಮೂಲದ ಅಸಮಾನತೆ ಅಳಿಯುವುದಿಲ್ಲ. ತೃಪ್ತನಾದ ಒಡೆಯನೂ ಒಡೆಯನೇ. ಅಧಿಕಾರ ಯಾರ ಕೈಯಲ್ಲಿದೆಯೆಂಬ ಪ್ರಶ್ನೆಗೆ ಬೇರೆಯದೇ ಉತ್ತರ ಬೇಕು.

ಆ ಉತ್ತರವನ್ನು ಕಂಡುಕೊಂಡವರಲ್ಲಿ ಅಮೆರಿಕದ ಎಡ್ ರಾಬರ್ಟ್ಸ್ ಮುಖ್ಯನಾದವನು. 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೊ ರೋಗವು ಅವನ ಕುತ್ತಿಗೆಯಿಂದ ಕೆಳಗಿನ ಭಾಗವನ್ನೆಲ್ಲ ನಿಶ್ಚಲಗೊಳಿಸಿತು. ರಾತ್ರಿ ಉಸಿರಾಡಲು ಅವನು ಒಂದು ದೊಡ್ಡ ಕಬ್ಬಿಣದ ಯಂತ್ರದೊಳಗೆ ಮಲಗಬೇಕಾಗಿತ್ತು. ವ್ಯಾಯಾಮದ ತರಗತಿಯನ್ನೂ ಮೋಟಾರು ನಡೆಸುವ ತರಬೇತಿಯನ್ನೂ ಪೂರೈಸಿಲ್ಲವೆಂದು ಅವನ ಪ್ರೌಢಶಾಲೆಯವರು ಅವನಿಗೆ ಪ್ರಮಾಣಪತ್ರವನ್ನು ನಿರಾಕರಿಸಿದ್ದರಂತೆ! ತಾಯಿಯೂ ಮಗನೂ ಹೋರಾಡಿ ಅದನ್ನು ಪಡೆದರು. 1962ರಲ್ಲಿ ಅವನು ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಿದನು. ಅವನ ಯಂತ್ರವನ್ನು ಹಿಡಿಸುವ ಕೋಣೆ ವಿದ್ಯಾರ್ಥಿನಿಲಯದಲ್ಲಿ ಇಲ್ಲದ್ದರಿಂದ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿಯೇ ಅವನಿಗೆ ವಸತಿಯಾಯಿತು.

ಕ್ರಮೇಣ ಅಂತಹ ಇನ್ನೂ ಕೆಲವು ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಆಸ್ಪತ್ರೆಯಲ್ಲಿದ್ದರೂ ಅವರು ರೋಗಿಗಳಾಗಿ ಉಳಿಯಲಿಲ್ಲ. ತಮ್ಮ ಪರಿಚಾರಕರನ್ನು ತಾವೇ ಆರಿಸಿಕೊಂಡರು; ಸರಕಾರವು ಕೊಡುತ್ತಿದ್ದ ಹಣದಿಂದ ತಾವೇ ಸಂಬಳ ಕೊಟ್ಟರು; ಯಾವ ವೇಳೆಗೆ ಬರಬೇಕು, ಹೇಗೆ ಎತ್ತಬೇಕು ಎಂಬುದನ್ನು ತಾವೇ ಕಲಿಸಿದರು; ಹೊಂದಿಕೆಯಾಗದವರನ್ನು ಬಿಡಿಸಿದರು. ಮಾಡುವ ಕೆಲಸ ಹಿಂದಿನದೇ: ಎತ್ತುವುದು, ತೊಳೆಯುವುದು, ಉಣಿಸುವುದು. ಆದರೆ ಅದರ ಹಿಂದಿನ ಸಂಬಂಧ ಸಂಪೂರ್ಣವಾಗಿ ಬದಲಾಗಿತ್ತು. ಅಲ್ಲಿ ಕಲಿತ ಪಾಠವನ್ನು ಅವರು ಊರಿಗೆಲ್ಲ ವಿಸ್ತರಿಸಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರವೊಂದನ್ನು ಸ್ಥಾಪಿಸಿದರು. ಅದನ್ನು ನಡೆಸಿದವರೂ ಅಂಗವಿಕಲರೇ. ಹಿಂದೊಮ್ಮೆ ರಾಜ್ಯದ ಪುನರ್ವಸತಿ ಇಲಾಖೆಯು ಎಡ್ ರಾಬರ್ಟ್ಸನನ್ನು ಯಾವ ಉದ್ಯೋಗಕ್ಕೂ ಯೋಗ್ಯನಲ್ಲವೆಂದು ನಿರ್ಣಯಿಸಿತ್ತು. 1975ರಲ್ಲಿ ಅವನೇ ಆ ಇಲಾಖೆಯ ನಿರ್ದೇಶಕನಾದನು.

ಬರ್ಕ್ಲಿಯ ಸುದ್ದಿ ಇಂಗ್ಲೆಂಡಿಗೂ ಮುಟ್ಟಿತು. ಲೆ ಕೋರ್ಟಿನ ಕೆಲವು ನಿವಾಸಿಗಳು 1979ರಲ್ಲಿ ಒಂದು ಯೋಜನೆಯನ್ನು ಹಾಕಿಕೊಂಡರು. 1981ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಘೋಷಿಸಿದ್ದುದರಿಂದ ಅದಕ್ಕೆ ‘ಪ್ರಾಜೆಕ್ಟ್ 81’ ಎಂದು ಹೆಸರಿಟ್ಟರು. ಅವರ ವಾದ ಸರಳವಾಗಿತ್ತು. ಪ್ರಾಂತದ ಆಡಳಿತವು ತಮ್ಮ ಸಲುವಾಗಿ ಧಾಮಕ್ಕೆ ಹಣವನ್ನು ಕೊಡುತ್ತಲೇ ಇದೆ. ಅದೇ ಹಣ ತಮ್ಮ ಕೈಗೆ ಬಂದರೆ ಊರಿನಲ್ಲಿ ಮನೆ ಮಾಡಿ, ಪರಿಚಾರಕರನ್ನು ತಾವೇ ನೇಮಿಸಿಕೊಂಡು ಬದುಕಬಹುದಲ್ಲವೆ? ಹಣವನ್ನು ನೇರವಾಗಿ ಕೊಡಲು ಅಂದಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ; ಆದುದರಿಂದ ಬಳಸುದಾರಿಯನ್ನು ಹುಡುಕಬೇಕಾಯಿತು. ಆ ಗುಂಪಿನ ಜಾನ್ ಇವಾನ್ಸ್ 1983ರಲ್ಲಿ ಧಾಮವನ್ನು ಬಿಟ್ಟು ಸ್ವಂತ ಮನೆಯಲ್ಲಿ ನೆಲೆಸಿದನು. ಕೊನೆಗೆ 1996ರಲ್ಲಿ ಬ್ರಿಟನ್ನಿನ ಸಂಸತ್ತು ಆರೈಕೆಯ ಹಣವನ್ನು ಅಂಗವಿಕಲರಿಗೇ ನೇರವಾಗಿ ಕೊಡಲು ಅನುಮತಿಸುವ ಕಾನೂನನ್ನು ಮಾಡಿತು. ಮಲಗುವ ವೇಳೆಗಾಗಿ ಆರಂಭವಾದ ಹೋರಾಟವು ಕಾನೂನಿನಲ್ಲಿ ಫಲಿಸಿತು. ಸಂಬಳ ಕೊಡುವ ಕೈ ಬದಲಾದೊಡನೆ ಮಾತು ಕೇಳುವ ಕಿವಿಯೂ ಬದಲಾಗುತ್ತದೆಂಬುದು ಈ ಚರಿತ್ರೆಯ ಸಾರ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಅಂಗವಿಕಲರಿಗೆ ಸ್ವಾತಂತ್ರ್ಯ ಕೊಟ್ಟರೆ ಬಿದ್ದು ಗಾಯ ಮಾಡಿಕೊಂಡಾರು, ಮೋಸಹೋದಾರು ಎಂಬುದು ಮೊದಲನೆಯದು. ಈ ಭಯವು ಪ್ರೀತಿಯಿಂದಲೂ ಹುಟ್ಟಬಹುದು. ಆದರೆ ಬಿದ್ದೀತೆಂದು ಮಗುವಿಗೆ ನಡೆಯಲು ಬಿಡದ ತಾಯಿಯಿಲ್ಲ. ಮಂಡಿ ತರಚದೆ ಸೈಕಲ್ಲು ಕಲಿತ ಹುಡುಗನೂ ಇಲ್ಲ. ಅಪಾಯವನ್ನು ಅರಿತು ಹೆಜ್ಜೆಯಿಡುವ ಹಕ್ಕು ಎಲ್ಲರಿಗೂ ಇರುವಾಗ ಅಂಗವಿಕಲರಿಗೆ ಮಾತ್ರ ಏಕಿರಬಾರದು? ಬುದ್ಧಿಶಕ್ತಿ ಕುಂಠಿತವಾದವರು ತಮ್ಮ ಹಿತವನ್ನು ಹೇಗೆ ಬಲ್ಲರೆಂಬುದು ಎರಡನೆಯ ಆಕ್ಷೇಪಣೆ. ಅದು ಹೆಚ್ಚು ಗಂಭೀರವಾದುದು. ಹಣದ ವ್ಯವಹಾರ, ಚಿಕಿತ್ಸೆಯಂತಹ ದೊಡ್ಡ ವಿಷಯಗಳಲ್ಲಿ ಅವರಿಗೆ ನಂಬಿಗಸ್ತರ ಸಹಾಯ ಬೇಕು. ಆದರೆ ಯಾವ ಬಣ್ಣದ ಅಂಗಿಯನ್ನು ತೊಡಬೇಕು, ಯಾರ ಬಳಿ ಕುಳಿತುಕೊಳ್ಳಬೇಕು, ಇನ್ನೊಂದು ತುತ್ತು ಬೇಕೆ ಬೇಡವೆ ಎಂಬುದನ್ನು ತಿಳಿಸಲು ಪಾಂಡಿತ್ಯ ಬೇಕಿಲ್ಲ. ಮಾತು ಬಾರದವನಿಗೆ ಅಭಿಪ್ರಾಯವಿಲ್ಲವೆನ್ನಲಾಗದು. ತುತ್ತಿನ ಮುಂದೆ ಬಾಯಿ ಬಿಗಿಹಿಡಿಯುವುದು ಒಂದು ಮಾತು, ಮುಖ ತಿರುಗಿಸುವುದು ಒಂದು ಮಾತು, ಕಣ್ಣರಳಿಸುವುದು ಇನ್ನೊಂದು ಮಾತು. ಆ ಮಾತುಗಳನ್ನು ಓದಬಲ್ಲವನೇ ನಿಜವಾದ ಪರಿಚಾರಕನು.

ಇನ್ನು ಕೆಲವರು, ಇದರಿಂದ ಪರಿಚಾರಕರೇ ದುರ್ಬಲರಾಗುವುದಿಲ್ಲವೆ ಎಂದು ಕೇಳಬಹುದು. ಹಣವುಳ್ಳವನು ಬೈದು ಬಿಡಿಸಿದರೆ ಅವರಿಗೆ ಗತಿಯೇನು? ಈ ಪ್ರಶ್ನೆಯೂ ನ್ಯಾಯವಾದುದೇ. ಒಬ್ಬರ ದಬ್ಬಾಳಿಕೆಯನ್ನು ತೆಗೆದು ಇನ್ನೊಬ್ಬರ ದಬ್ಬಾಳಿಕೆಯನ್ನು ತಂದರೆ ಗಳಿಸಿದ್ದೇನೂ ಇಲ್ಲ. ಗೊತ್ತಾದ ಕೆಲಸದ ವೇಳೆ, ಗೊತ್ತಾದ ಸಂಬಳ, ರಜೆ, ಪರಸ್ಪರ ಗೌರವ ಇವು ಇಬ್ಬರ ನಡುವಿನ ಒಪ್ಪಂದದ ಅಂಗಗಳಾಗಬೇಕು. ಒಪ್ಪಂದವು ಸಮಾನರ ನಡುವೆ ಆಗುವಂತಹದು, ಹಂಗು ಹಾಗಲ್ಲ.

ಭಾರತದಲ್ಲಿಯೂ ಈ ವಿಚಾರಗಳು ಕಾನೂನಿನ ರೂಪವನ್ನು ತಾಳಿವೆ. ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಮಾನಸಿಕ ರೋಗಿಗಳನ್ನಿರಿಸಿದ್ದ ಒಂದು ಖಾಸಗಿ ಚಪ್ಪರಕ್ಕೆ ಬೆಂಕಿ ಬಿದ್ದಿತು. ಅವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಓಡಲಾರದೆ 28 ಮಂದಿ ಸುಟ್ಟು ಸತ್ತರು. ದೇಶವೇ ತಲೆ ತಗ್ಗಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ರೋಗಿಗಳನ್ನು ಯಾವ ಬಗೆಯಲ್ಲಿಯೂ ಸರಪಳಿಯಿಂದ ಕಟ್ಟಬಾರದೆಂದು ವಿಧಿಸಿತು. ಒತ್ತಾಯದಿಂದ ತಲೆ ಬೋಳಿಸಬಾರದೆಂದೂ, ಇಚ್ಛೆಯಿದ್ದರೆ ರೋಗಿಗೆ ತನ್ನ ಸ್ವಂತ ಬಟ್ಟೆಯನ್ನು ತೊಡುವ ಹಕ್ಕಿದೆಯೆಂದೂ ಅದು ಹೇಳುತ್ತದೆ. ಬಟ್ಟೆಯಂತಹ ಸಣ್ಣ ವಿಷಯವನ್ನು ಕಾನೂನು ಏಕೆ ಹೇಳಬೇಕಾಯಿತು? ಮನುಷ್ಯನ ಮಾನ ಇಂತಹ ಸಣ್ಣ ವಿಷಯಗಳಲ್ಲಿಯೇ ನೆಲೆಸಿರುವುದರಿಂದ.

ಅದೇ ರೀತಿ, ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಒಪ್ಪಿಕೊಂಡಿತು. ಅದಕ್ಕನುಗುಣವಾಗಿ ರೂಪಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು, ಇಂತಹ ಸ್ಥಳದಲ್ಲಿಯೇ ವಾಸಿಸಬೇಕೆಂದು ಅಂಗವಿಕಲರನ್ನು ಕಟ್ಟಿಹಾಕಬಾರದೆನ್ನುತ್ತದೆ. ಅವರ ಮೇಲಿನ ದೌರ್ಜನ್ಯವನ್ನು ಕಂಡವರು ಯಾರೇ ಆಗಲಿ ದಂಡಾಧಿಕಾರಿಗೆ ತಿಳಿಸಬಹುದು. ಅಂಗವಿಕಲರ ಉಸ್ತುವಾರಿಯಲ್ಲಿರುವವನು ತಿಳಿದೂ ತಿಳಿದೂ ಅವರಿಗೆ ಅನ್ನನೀರನ್ನು ನಿರಾಕರಿಸಿದರೆ, ಅಥವಾ ಯಾರಾದರೂ ಅವರ ಸಾಧನಗಳಿಗೆ ಹಾನಿಮಾಡಿದರೆ, ಅವುಗಳ ಬಳಕೆಗೆ ಅಡ್ಡಿಪಡಿಸಿದರೆ, ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. ಗಾಲಿಕುರ್ಚಿಯನ್ನು ದೂರವಿರಿಸುವ ಕೈಯನ್ನು ಕಾನೂನು ಗುರುತಿಸಿದೆಯೆಂದಾಯಿತು.

ಆದರೆ ಕಾನೂನಿನ ಕಣ್ಣು ಎಲ್ಲೆಡೆಯೂ ತಲಪುವುದಿಲ್ಲ. ಈ ದೇಶದಲ್ಲಿ ಆರೈಕೆಯ ಬಹುಪಾಲು ನಡೆಯುವುದು ಮನೆಗಳಲ್ಲಿ. ಪರಿಚಾರಕರು ತಾಯಿ, ಅಕ್ಕ, ಅತ್ತಿಗೆ, ಸೊಸೆ. ಅವರಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಅವರ ತ್ಯಾಗ ದೊಡ್ಡದು. ಆ ತ್ಯಾಗದ ನೆರಳಿನಲ್ಲಿಯೇ ಹಂಗೂ ಬೆಳೆಯಬಲ್ಲದು. ನೆಂಟರು ಬಂದಾಗ ಒಳಕೋಣೆಯಲ್ಲಿ ಉಳಿಯಬೇಕಾದ ಚಿಕ್ಕಪ್ಪ, ತನ್ನ ಹೆಸರಿಗೆ ಬರುವ ಮಾಸಾಶನದ ಮುಖವನ್ನೇ ಕಾಣದ ಅಜ್ಜಿ, ಶಾಲೆಗೆ ಹೋಗುವ ಆಸೆಯಿದ್ದರೂ ‘ನಿನಗೇಕೆ ಆ ಕಷ್ಟ’ ಎಂಬ ಮಾತಿಗೆ ಸುಮ್ಮನಾಗುವ ಹುಡುಗಿ, ಇವರು ಯಾವ ಊರಿನಲ್ಲಿಯಾದರೂ ಕಾಣಸಿಗುತ್ತಾರೆ. ಅವರನ್ನು ಯಾರೂ ಹೊಡೆಯುವುದಿಲ್ಲ. ಎಲ್ಲರೂ ಪ್ರೀತಿಸುತ್ತಾರೆ. ಆದರೆ ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಕೇಳುವುದೇ ಈ ಅಸಮಾನತೆಯನ್ನು ಕಳೆಯುವ ಮೊದಲ ಹೆಜ್ಜೆ. ಗಾಲಿಕುರ್ಚಿಯನ್ನು ತಳ್ಳುವ ಮುನ್ನ ತಳ್ಳಲೇ ಎಂದು ಕೇಳಬೇಕು. ಕುರುಡನ ತೋಳನ್ನು ಹಿಡಿದೆಳೆಯುವ ಬದಲು ತನ್ನ ತೋಳನ್ನು ಅವನ ಕೈಗೆ ನೀಡಬೇಕು. ಗೆಳೆಯನ ಊರುಗೋಲನ್ನು ತಮಾಷೆಗೂ ಬಚ್ಚಿಡಬಾರದು. ಅದು ಅವನ ಕಾಲು. ಅಂಗವಿಕಲನ ವಿಷಯವನ್ನು ಅವನ ಜೊತೆಯಲ್ಲಿ ಬಂದವರೊಡನೆ ಚರ್ಚಿಸದೆ ಅವನೊಡನೆಯೇ ಮಾತನಾಡಬೇಕು. ಬೇಡವೆಂದಾಗ ಮುನಿಸಿಕೊಳ್ಳಬಾರದು. ಇಷ್ಟನ್ನು ಶಾಲೆಯ ಬಾಲಕನೂ ಮಾಡಬಹುದು, ಆಶ್ರಯಧಾಮದ ಮುಖ್ಯಸ್ಥನೂ ಮಾಡಬೇಕು.

ಆರೈಕೆಯ ಗುಣವನ್ನು ಅಳೆಯಲು ಧಾಮದ ಗೋಡೆಯ ಬಣ್ಣವನ್ನೂ ಊಟದ ರುಚಿಯನ್ನೂ ನೋಡಿದರೆ ಸಾಲದು. ಅಲ್ಲಿ ಆರೈಕೆ ಪಡೆಯುವವನು ನಾಳೆಯ ಭಯವಿಲ್ಲದೆ ಇಂದು ಬೇಡವೆನ್ನಬಲ್ಲನೆ ಎಂದು ನೋಡಬೇಕು. ಮುಪ್ಪು, ಅಪಘಾತ, ರೋಗ ಇವು ಯಾರನ್ನೂ ಕೇಳಿ ಬರುವುದಿಲ್ಲ. ಇಂದು ಕೈ ನೀಡುವವನು ನಾಳೆ ಕೈ ಬೇಡುವವನಾಗಬಹುದು. ಆಗ ಅವನಿಗೆ ದೊರೆಯುವುದು ನೆರವೋ ಹಂಗೋ ಎಂಬುದು, ಇಂದು ಅವನು ಇತರರಿಗೆ ಯಾವುದನ್ನು ಕೊಡುತ್ತಾನೆಂಬುದನ್ನು ಅವಲಂಬಿಸಿದೆ.